ಡಬ್ಬಿಯೊಳಗಿನ ಗಾಳಿ

ತಕ್ಕಡಿ ನಿಲ್ಲುತ್ತಲೇ ಇರಲಿಲ್ಲ. ಕೊನೆಯ ಅಂಕಿ ಒಂದು ಏರುವುದು, ಎರಡು ಇಳಿಯುವುದು, ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಏರುವುದು. ಗಾಜಿನ ಗೂಡಿನೊಳಗೆ ತಟ್ಟೆಯ ಮೇಲೆ ಕೋಟಿನ ಗುಂಡಿಯಷ್ಟಗಲದ ಫಿಲ್ಟರ್ ಕಾಗದ ತನ್ನ ಪಾಡಿಗೆ ತಾನು ಮಲಗಿತ್ತು. ಊರಿನ ಯಾವುದೋ ದಾರಿ ಕೂಡುವ ಕಡೆ ಒಂದು ಹಗಲೆಲ್ಲ ಗಾಳಿ ಎಳೆಸಿ ಹಿಡಿದ ಧೂಳು ಅದರ ಮೇಲಿತ್ತು, ಒಂದು ಸಕ್ಕರೆ ಹರಳಿನಷ್ಟೂ ತೂಗದ ಧೂಳು. ಅಷ್ಟನ್ನು ತೂಗುವ ತಕ್ಕಡಿಗೆ ಮನುಷ್ಯರ ಉಸಿರೂ ಭಾರವೇ, ಮೈಯ ಬಿಸಿಯೂ ಭಾರವೇ. ಅದಕ್ಕಾಗಿ ಆ ಕೋಣೆಯಲ್ಲಿ ಕೆಲವು ನೇಮಗಳಿದ್ದವು. ಪೌಡರ್ ಹಾಕಿಕೊಂಡು ಬರುವಂತಿಲ್ಲ, ಸೆಂಟು ಕೂಡದು, ಬಾಗಿಲು ದಬ್ಬುವಂತಿಲ್ಲ, ತಕ್ಕಡಿಯ ಮುಂದೆ ನಿಂತು ಮಾತಾಡುವಂತಿಲ್ಲ. ನೇಮ ಮಾಡಿದವಳೂ ಲ್ಯಾಬು ನೋಡಿಕೊಳ್ಳುವ ಅವಳೇ, ತಪ್ಪಿದವರನ್ನು ಹೊರಗೆ ಕಳಿಸುತ್ತಿದ್ದವಳೂ ಅವಳೇ. ಇವತ್ತು ಅವಳು ಪೌಡರ್ ಹಾಕಿಕೊಂಡಿರಲಿಲ್ಲ, ಬೆಳಿಗ್ಗೆಯಿಂದ ಯಾರೊಂದಿಗೂ ಮಾತಾಡಿರಲಿಲ್ಲ, ಉಸಿರನ್ನು ಕೂಡ ಪಕ್ಕಕ್ಕೆ ಮುಖ ತಿರುಗಿಸಿ ಬಿಡುತ್ತಿದ್ದಳು. ಆದರೂ ಅಂಕಿ ನಿಲ್ಲದು. ತಾನು ಹತ್ತಿರ ನಿಂತದ್ದೇ ಅದನ್ನು ಕದಲಿಸುತ್ತಿದೆ ಎಂದು ಅವಳಿಗೆ ತಿಳಿದದ್ದು, ಹಿಂದಿನಿಂದ ಲ್ಯಾಬಿನ ಸಹಾಯಕಿ ಮೆಲ್ಲಗೆ, ನಗುವನ್ನು ಸ್ವಲ್ಪ ಬೆರೆಸಿ, "ಮೇಡಂ, ಇದನ್ನ ನಾನು ತೂಗ್ತೀನಿ ಬಿಡಿ. ಯಾಕೋ ನೀವು ಹತ್ರ ಇದ್ರೆ ಅದು ಇವತ್ತು ನಿಲ್ತಾ ಇಲ್ಲ" ಎಂದಾಗಲೇ. ಅವಳೇ ಎಷ್ಟು ಜನರಿಗೆ ಈ ಮಾತು ಹೇಳಿಲ್ಲ! ಹೇಳುವಾಗ ಇದೊಂದು ಮಾತು ಎಂದೇ ಅನ್ನಿಸಿರಲಿಲ್ಲ. ಚಿಮುಟ ಕೆಳಗಿಟ್ಟು, ಬಿಳಿ ಕೋಟು ಬಿಚ್ಚಿ ಮೊಳೆಗೆ ತಗುಲಿಸಹೋದಳು. ಮೊಳೆ ಸಿಗದೆ ಕೋಟು ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳುವಾಗ ಸಹಾಯಕಿ ಕಂಡೂ ಕಾಣದವಳಂತೆ ತಕ್ಕಡಿಯ ಕಡೆ ತಿರುಗಿದಳು.

ಅಕ್ಕನ ಡಾಕ್ಟರ ಫೋನು ಬಂದದ್ದು ಅವಳು ಹೊರಗಿನ ಓಣಿಯಂಥ ಉದ್ದ ಮೊಗಸಾಲೆಗೆ ಬಂದಾಗ. "ಬಂದು ನೋಡಬೇಕಾದವರು ಬಂದು ನೋಡ್ಕೊಂಡು ಹೋಗಲಿ. ನಾಳೆ ಅಂತ ಇಟ್ಕೋಬೇಡಿ" ಎಂದರು ಡಾಕ್ಟರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ನೇರ. ಆಮೇಲೆ ಏನೋ ನೆನಪಾದಂತೆ, "ಅವರ ಯಜಮಾನರು ದಿನಾ ಮೆಟ್ಟಿಲ ಹತ್ರ ಕೂತಿರ್ತಾರಲ್ಲ. ಅವರನ್ನ ಒಳಗೆ ಬಿಡಬೇಡಿ ಅಂತ ಪೇಷೆಂಟೇ ಹೇಳಿದಾರಂತೆ. ನಮಗೇನು, ಬೇಡ ಅಂದ್ರೆ ಬೇಡ. ಆದ್ರೆ ಹೀಗೇ ಬಿಟ್ರೆ ಆಮೇಲೆ ಅವರಿಗೆ ತಡ್ಕೊಳ್ಳೋದು ಕಷ್ಟ ಆಗುತ್ತೆ. ನಿಮ್ಮ ಮಾತು ಅಂದ್ರೆ ನಿಮ್ಮಕ್ಕನಿಗೆ ವೇದವಾಕ್ಯ ಅಲ್ವಾ, ನೀವೇ ಸರಿ ಮಾಡಿ" ಎಂದರು. ಸರಿ ಮಾಡುತ್ತೇನೆ ಎಂದು ಫೋನು ಇಟ್ಟಳು. ಸರಿ ಮಾಡಲು ಅವಳ ಬಳಿ ಇದ್ದದ್ದು ಒಂದೇ ಒಂದು ಮಾತು. ಅದೂ ನಿನ್ನೆ ಸಂಜೆಯಿಂದ ಈಚೆಗೆ ಇದ್ದದ್ದು. ಆ ಮಾತು ಆಡಿದರೆ ಭಾವನ ಮೇಲಿನ ಹೊರೆ ಇಳಿಯುತ್ತದೆ. ಇಳಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದರೆ ಮಂಚದ ಮೇಲೆ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿರುವ ಅಕ್ಕನ ಎದೆಯ ಮೇಲೆಯೇ ಹೋಗಿ ಕೂರುತ್ತದೆ.

ನಿನ್ನೆ ಸಂಜೆ ಅವಳು ಅಕ್ಕನ ಮಂಚದ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಅಕ್ಕ ತಿನ್ನುವುದಿಲ್ಲ, ವಾಸನೆ ಚೆನ್ನಾಗಿದೆ ಸುಲಿ ಎನ್ನುತ್ತಾಳೆ, ಅಷ್ಟೆ. ಪಕ್ಕದ ಮಂಚದ ಅಜ್ಜಿಗೆ ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು. "ಏನಮ್ಮಾ, ನಿನ್ನ ತಂಗಿ ಗಾಳಿ ಹಿಡಿಯೋ ಕೆಲಸ ಮಾಡ್ತಾಳಂತೆ? ನನ್ನ ಗಂಡನೂ ಜೀವಮಾನವೆಲ್ಲ ಅದನ್ನೇ ಮಾಡಿದ, ಒಂದು ಕಾಸೂ ತರಲಿಲ್ಲ" ಎಂದಿತು ಅಜ್ಜಿ. ಅಕ್ಕ ನಕ್ಕಳು. ನಕ್ಕರೆ ಕೆಮ್ಮು, ಕೆಮ್ಮಿದರೆ ಮತ್ತೆ ಉಸಿರು ಹಿಡಿದುಕೊಳ್ಳಬೇಕು, ಆದರೂ ನಕ್ಕಳು. ಆಮೇಲೆ ತಡೆದು ತಡೆದು, ಎರಡು ಮಾತಿಗೊಮ್ಮೆ ನಿಂತು ಹೇಳಿದಳು. "ನಗಬೇಡಿ ಅಜ್ಜೀ. ಹಿಂದೆ ನನಗೂ ಒಂದು ಮಿಷನ್ ಕಟ್ಟಿದ್ಲು. ಸೊಂಟಕ್ಕೆ ಒಂದು ಪೆಟ್ಟಿಗೆ, ಇಲ್ಲಿ ಕತ್ತಿನ ಹತ್ರ ಒಂದು ಮೂತಿ. ಒಂದು ದಿನ ಪೂರ್ತಿ ಕಟ್ಕೊಂಡು ಕೆಲಸ ಮಾಡಬೇಕು."

"ಹಸುಗೆ ಗಂಟೆ ಕಟ್ಟಿದ ಹಾಗೆ."

"ಗಂಟೆ ಅಂತೆ! ಅದು ಎಷ್ಟು ಬೆಲೇದು ಗೊತ್ತಾ? ನಾನು ಕೂರೋದೋ ನೆಲದ ಕೆಳಗೆ, ಕಾರು ನಿಲ್ಲಿಸೋ ಜಾಗ. ಎಲ್ಲಾ ಮಸಿ. ಅಂಥಾದ್ರಲ್ಲಿ ಇವಳ ಮಿಷನ್ ಕೆಟ್ರೆ? ಊಟದ ಡಬ್ಬಿ ತೊಳೆದು, ಒರೆಸಿ, ಮೆತ್ತಗೆ ಒಂದು ಬಟ್ಟೆ ಹಾಸಿ, ಅದರಲ್ಲಿ ಮಲಗಿಸಿ, ಮುಚ್ಚಳ ಒತ್ತಿಟ್ಟೆ. ದಿನವೆಲ್ಲ ಒಳಗೇ ಗುಂಯ್ ಅಂತಿತ್ತು, ಪಾಪ. ಇವಳು ಬರೋ ಹೊತ್ತಿಗೆ ತೆಗೆದು ಮತ್ತೆ ಕಟ್ಕೊಂಡೆ, ಇಲ್ಲಾಂದ್ರೆ ಬೈತಾಳೆ ನಮ್ಮ ಪುಟ್ಟಿ. ಒಂದು ಚೂರು ಧೂಳು ಕೂರಿಸಲಿಲ್ಲ ನೋಡಿ. ಇವಳೇ ಹೇಳಿದ್ಲು, ಅಕ್ಕಾ, ಒಳಗಿನ ಕಾಗದ ಹಾಲಿನ ಹಾಗೆ ಬಿಳಿ ಇದೆ ಅಂತ. ಅಲ್ವೇನೇ?"

ಅಲ್ವೇನೇ ಎಂದು ಅಕ್ಕ ಕೇಳಿದಾಗ ಅವಳು ಹ್ಞೂಂ ಎಂದಳು. ಕಿತ್ತಳೆ ಸುಲಿಯುವುದು ನಿಲ್ಲಲಿಲ್ಲ. ಸಿಪ್ಪೆ ಮುಗಿಯಿತು, ತೊಳೆಯ ಮೇಲಿನ ಬಿಳಿ ನಾರನ್ನು ಬಿಡಿಸಿದಳು, ಅದೂ ಮುಗಿಯಿತು, ಆಮೇಲೆ ತೊಳೆಯ ಮೇಲಿನ ತೆಳು ಪೊರೆಯನ್ನೂ ಬಿಡಿಸತೊಡಗಿದಳು. ಕೈಯೆಲ್ಲ ರಸವಾಯಿತು. ಸುತ್ತಲ ಗಾಳಿಯನ್ನು ಫಿಲ್ಟರಿನ ಮೂಲಕ ಎಳೆಯಬೇಕಾದ ಪಂಪು ಮುಚ್ಚಿದ ಡಬ್ಬಿಯಲ್ಲಿ ತಾನು ಬಿಟ್ಟ ಗಾಳಿಯನ್ನೇ ತಾನು ಎಳೆಯುತ್ತದೆ. ಸೋಸಿದ್ದನ್ನೇ ಸೋಸುತ್ತದೆ. ಡಬ್ಬಿಯಷ್ಟು ಗಾಳಿ ಮೊದಲ ಕೆಲವು ನಿಮಿಷದಲ್ಲೇ ಶುದ್ಧವಾಗಿಬಿಟ್ಟಿರುತ್ತದೆ. ಆಮೇಲೆ ಸಂಜೆಯವರೆಗೆ ಅದಕ್ಕೆ ಕೆಲಸವೇ ಇಲ್ಲ. ಪಂಪಿನ ಓಟ ಒಂದೇ ಸಮ ಇತ್ತು, ಎಲ್ಲಿಯೂ ತಡೆದಿರಲಿಲ್ಲ, ಆದ್ದರಿಂದ ಅದು ತಪ್ಪು ಎಂದು ಕೂಗಿಕೊಳ್ಳಲೂ ಇಲ್ಲ. ಆ ಹೊತ್ತು ಅಕ್ಕ ಗಾಜಿನ ಕಿಟಕಿಯ ಸಣ್ಣ ಬಾಯಿಂದ ಕೈ ಚಾಚಿ, ಒಂದೊಂದು ಕಾರಿಗೂ ಚೀಟಿ ಕೊಡುತ್ತಾ, ಎಂಜಿನ್ ನಿಲ್ಲಿಸದೆ ಕಾಯುವ ಸಾಲಿನ ಹೊಗೆಯನ್ನು ತಾನೇ ಎಳೆದುಕೊಂಡು ಕೂತಿದ್ದಳು. ಮಿಷನ್ನಿಗೆ ತಾಗದಿರಲಿ ಎಂದು.

ಅದು ಅಕ್ಕನ ಗುಣ. ಹೊಸ ರಿಮೋಟಿಗೆ ಪ್ಲಾಸ್ಟಿಕ್ ಚೀಲ ಹಾಕಿ ರಬ್ಬರ್ ಬ್ಯಾಂಡ್ ಸುತ್ತುತ್ತಾಳೆ, ಗುಂಡಿ ಯಾವುದೆಂದು ಕಾಣದೆ ಭಾವ ತಲೆ ಚಚ್ಚಿಕೊಳ್ಳುತ್ತಾರೆ. ಸೋಫಾಕ್ಕೆ ಒಂದು ಹೊದಿಕೆ, ಹೊದಿಕೆ ಕೊಳೆಯಾಗದಿರಲೆಂದು ಅದರ ಮೇಲೊಂದು ಟವೆಲು. ಮದುವೆಯಲ್ಲಿ ಬಂದ ಗಾಜಿನ ಲೋಟಗಳು ಈಗಲೂ ಪೆಟ್ಟಿಗೆಯ ಹುಲ್ಲಿನಲ್ಲೇ ಮಲಗಿವೆ. ಚಿಕ್ಕವಳಿದ್ದಾಗ ತಂಗಿಯ ಪುಸ್ತಕಗಳಿಗೆಲ್ಲ ರಟ್ಟು ಹಾಕಿದವಳು ಅಕ್ಕನೇ, ಅಕ್ಕ ಶಾಲೆ ಬಿಟ್ಟಾಗಿತ್ತು ಆಗಲೇ, ಪಾಠ ಏನೆಂದು ಕೇಳುತ್ತಿರಲಿಲ್ಲ, ಮೂಲೆ ಮಡಚಿದ್ದರೆ ಮಾತ್ರ ಕೇಳುತ್ತಿದ್ದಳು. ತಂಗಿಯದು ಎಂದ ಮೇಲೆ ಅದು ಹೋದ ಹಾಗೇ ಬರಬೇಕು. ಇದೆಲ್ಲ ಗೊತ್ತಿದ್ದವಳು, ಅಂಥವಳ ಸೊಂಟಕ್ಕೆ ಬೆಲೆಬಾಳುವ ಸಾಮಾನು ಕಟ್ಟಿ ಮಸಿಯ ನಡುವೆ ಕೂರಿಸಿ ಬಂದವಳು, ಒಂದು ಮಾತು ಹೇಳಲಿಲ್ಲ: ಅಕ್ಕಾ, ಇದು ಕೊಳೆಯಾಗಬೇಕು, ಕೊಳೆಯಾಗೋದೇ ಇದರ ಕೆಲಸ. ಉಳಿದ ಎಲ್ಲರಿಗೂ ಹೇಳಿದ್ದಳು. ಬಸ್ಸು ಓಡಿಸುವವನಿಗೆ, ಬೀದಿ ಗುಡಿಸುವವಳಿಗೆ, ಶಾಲೆಯ ಗೇಟು ಕಾಯುವವನಿಗೆ, ಎಲ್ಲರನ್ನೂ ಕೂರಿಸಿ, ಬಿಚ್ಚಬೇಡಿ, ಮುಚ್ಚಬೇಡಿ, ನೀವು ಉಸಿರಾಡೋ ಗಾಳೀನೇ ಇದೂ ಎಳೀಬೇಕು ಎಂದು ಒಂದು ಗಂಟೆ ಪಾಠ ಮಾಡಿದ್ದಳು. ಅಕ್ಕನಿಗೆ ಮಾತ್ರ ಬೆಳಿಗ್ಗೆ ಅವಸರದಲ್ಲಿ, ಕ್ಲಿಪ್ಪು ಸಿಕ್ಕಿಸುತ್ತಾ, ಜೋಪಾನ ಕಣಕ್ಕ ಎಂದಿದ್ದಳು.

ಜೋಪಾನ ಎಂದದ್ದಕ್ಕೆ ಅಕ್ಕ ಜೋಪಾನ ಮಾಡಿದಳು.

ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹಗಲು ಬೆಳಗಿತ್ತು, ಆದರೆ ರಸ್ತೆಯ ಕೊನೆ ಕಾಣುತ್ತಿರಲಿಲ್ಲ. ದೂರದ ಕಟ್ಟಡಗಳು ಸೀಮೆಸುಣ್ಣದಲ್ಲಿ ಬರೆದು ಅಂಗೈಯಲ್ಲಿ ಒರೆಸಿದ ಹಾಗಿದ್ದವು. ಇಂಥ ಮಬ್ಬನ್ನು ಕಂಡರೆ ಅವಳ ತಲೆಯಲ್ಲಿ ತಾನೇ ಒಂದು ಅಂಕಿ ಮೂಡುವುದು ರೂಢಿ. ಹೆಂಗಸರು ಯಾರೋ ಉಟ್ಟ ಸೀರೆ ಕಂಡು ಬೆಲೆ ಹೇಳುವಂತೆ ಅವಳು ಆಕಾಶ ನೋಡಿ ಧೂಳು ಹೇಳುತ್ತಿದ್ದಳು, ಯಂತ್ರದ್ದಕ್ಕೂ ಅವಳದ್ದಕ್ಕೂ ಹೆಚ್ಚು ಅಂತರ ಬರುತ್ತಿರಲಿಲ್ಲ. ಮೀಟಿಂಗುಗಳಲ್ಲಿ ಅದೊಂದು ತಮಾಷೆಯಾಗಿತ್ತು. ಹಾಗಾದರೆ ಅವತ್ತು ಆ ಬಿಳಿಯನ್ನು ಕಂಡು ಯಾಕೆ ಗೊತ್ತಾಗಲಿಲ್ಲ? ಗೊತ್ತಾಗಿತ್ತು. ಅದೇ ಈಗ ಸುಡುತ್ತಿರುವುದು. ಚಿಮುಟದಲ್ಲಿ ಎತ್ತಿ ದೀಪಕ್ಕೆ ಹಿಡಿದಾಗ, ಕಣ್ಣು ಮಿಟುಕಿಸುವಷ್ಟು ಹೊತ್ತು, ಇದು ಆಗುವ ಮಾತಲ್ಲ ಎಂದು ಅವಳಿಗೆ ಅನ್ನಿಸಿತ್ತು. ಆ ನೆಲಮಾಳಿಗೆಯ ಗೋಡೆಗಳನ್ನು ಅವಳು ಕಂಡಿದ್ದಳು, ಕಾರುಗಳ ಹೊಗೆ ತಾಗುವ ಎತ್ತರದಲ್ಲಿ ಉದ್ದಕ್ಕೂ ಕಪ್ಪು ಪಟ್ಟೆ. ಅಕ್ಕ ಸಂಜೆ ಮನೆಗೆ ಬಂದು ಮೂಗು ತೊಳೆದರೆ ನೀರು ಕಪ್ಪಗಾಗುತ್ತಿದ್ದುದನ್ನು ಕಂಡಿದ್ದಳು. ಬೇರೆ ಯಾರದೇ ಫಿಲ್ಟರ್ ಹೀಗೆ ಬಂದಿದ್ದರೆ, ಇವನು ಮಿಷನ್ ಬಿಚ್ಚಿಟ್ಟು ಮಲಗಿದ್ದ ಎಂದು ಆ ಕ್ಷಣವೇ ಪಕ್ಕಕ್ಕೆ ಹಾಕಿ, ಇನ್ನೊಂದು ದಿನ ಕಟ್ಟಿಸುತ್ತಿದ್ದಳು. ಅಕ್ಕನನ್ನು ಕೇಳುವುದು ಹೇಗೆ? ಬಿಚ್ಚಿಟ್ಟೆಯಾ ಎಂದು ಕೇಳಿದರೆ ಅಕ್ಕ ಸುಳ್ಳು ಹೇಳುತ್ತಾಳೆಂದ ಹಾಗೆ. ಅದೂ ಒಂದು ನೆಪವೇ. ನಿಜವಾಗಿ ಆ ಬಿಳಿ ಅವಳಿಗೆ ಬೇಕಾಗಿತ್ತು. ಅಕ್ಕನ ಎದೆಯ ಒಳಗು ಹೀಗಿದೆ ಎಂದು ಯಾರೋ ಕಾಗದದ ಮೇಲೆ ಬರೆದುಕೊಟ್ಟಂತೆ ಅದನ್ನು ಹಿಡಿದುಕೊಂಡು ಒಳಗೇ ಹಿಗ್ಗಿದ್ದಳು. ಆಮೇಲೆ ಅದಕ್ಕೆ ಕಾರಣ ಹುಡುಕಿದಳು. ಹುಡುಕಿದವರಿಗೆ ಕಾರಣ ಸಿಗದೆ ಇರುತ್ತದೆಯೇ? ಅಕ್ಕನ ಕಿಟಕಿಯ ಎದುರಿಗೇ ದೊಡ್ಡ ಫ್ಯಾನು ಇತ್ತು. ಗಾಳಿ ಶುದ್ಧವಿರುವುದು ಫ್ಯಾನಿನಿಂದ ಎಂದು ವರದಿಯಲ್ಲಿ ಬರೆದಳು. ಎಲ್ಲರೂ ತಲೆಯಾಡಿಸಿದರು.

ಅಷ್ಟಕ್ಕೇ ನಿಂತಿದ್ದರೆ ಒಂದು ತಪ್ಪು ಅಂಕಿ, ಸಾವಿರ ಅಂಕಿಗಳ ನಡುವೆ ಮುಳುಗಿಹೋಗುತ್ತಿತ್ತು. ಆದರೆ ಆ ಮಳೆಗಾಲ ಅಕ್ಕನಿಗೆ ಮೇಲಿನ ಗೇಟಿಗೆ ಬರುವೆಯಾ ಎಂದು ಕೇಳಿದ್ದರು, ಬಯಲಿನಲ್ಲಿ, ರಸ್ತೆಯ ಮಗ್ಗುಲಿಗೆ. ಅಕ್ಕ ಇವಳ ಮನೆಗೇ ಬಂದು, ಬಾಗಿಲಲ್ಲಿ ಚಪ್ಪಲಿ ಜೋಡಿಸಿಡುತ್ತಲೇ ಕೇಳಿದ್ದಳು. "ಏನ್ ಮಾಡ್ಲೇ ಪುಟ್ಟಿ? ಮೇಲಾದ್ರೆ ಬೆಳಕಿರುತ್ತೆ, ನಾಲ್ಕು ಜನ ಕಾಣ್ತಾರೆ. ಆದ್ರೆ ಬಿಸಿಲು. ಕೆಳಗೆ ತಂಪು. ನೀನು ಮಿಷನ್ ಇಟ್ಟು ನೋಡಿದವಳು, ನೀನೇ ಹೇಳಿಬಿಡು." ಅವಳ ಕೈಯಲ್ಲಿ ಫೋನಿತ್ತು, ಯಾರಿಗೋ ಏನೋ ಬರೆಯುತ್ತಿದ್ದಳು, ತಲೆ ಎತ್ತದೆ ಹೇಳಿದಳು, "ಕೆಳಗೇ ಇರಕ್ಕ. ಮೇಲಿನ ಗೇಟಲ್ಲಿ ರಸ್ತೆಯ ಧೂಳು. ನಿನ್ನ ಕೆಳಗಿನ ಗಾಳಿ ನಮ್ಮ ಆಫೀಸಿಗಿಂತ ಚೆನ್ನಾಗಿದೆ." ಅಕ್ಕ ಆ ಮಾತನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಕೆಳಗೇ ಇದ್ದಳು. ವರ್ಷಗಳು ಹೋದವು. ಕೆಮ್ಮು ಬಂತು, ಹೋಯಿತು, ಮತ್ತೆ ಬಂದದ್ದು ಹೋಗಲಿಲ್ಲ.

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಪಕ್ಕದ ಸೀಟಿನವನು ಅವಳ ಮುಖ ನೋಡಿ, "ಕಿಟಕಿ ಮುಚ್ಚಲಾ? ಹೊಗೆಗೆ ಕಣ್ಣು ಉರೀತಾ ಇದೆಯೇನೋ" ಎಂದ. ಹೌದು ಎಂದಳು. ಅವನು ಎದ್ದು ಅವಳ ಮೇಲಿಂದ ಬಾಗಿ ಗಾಜನ್ನು ಎಳೆದ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು.

ಭಾವ ಮೆಟ್ಟಿಲಿನ ತಿರುವಿನಲ್ಲಿ ಬೆಂಚಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಊಟದ ಕ್ಯಾರಿಯರ್. ಒಗೆದ ಅಂಗಿ, ಒದ್ದೆ ಕೂದಲು. ಅವಳನ್ನು ಕಂಡು ಎದ್ದು ನಿಂತು, ಎರಡು ಹೆಜ್ಜೆ ಹಿಂದೆ ಸರಿದರು. ಈಚೆಗೆ ಅವರು ಯಾರು ಬಂದರೂ ಹಾಗೇ ಹಿಂದೆ ಸರಿಯುತ್ತಿದ್ದರು. ದಿನಕ್ಕೆ ಎರಡು ಸಲ ಸೋಪು ಹಾಕಿ ಮೈ ತಿಕ್ಕಿಕೊಂಡು, ತೋಳನ್ನು ಮೂಗಿಗೆ ಹಿಡಿದು ಮೂಸಿ ನೋಡಿಕೊಂಡು, ಆಮೇಲೆ ಇಲ್ಲಿ ಬಂದು ಕೂರುತ್ತಿದ್ದರು. ಅಕ್ಕ ಮಲಗಿದ ದಿನವೇ ಸಿಗರೇಟು ಬಿಟ್ಟಿದ್ದರು, ಆದರೂ ಮೂಸುವುದು ಬಿಟ್ಟಿಲ್ಲ. ಭಾವನ ಈ ಸರಿಯುವಿಕೆಯನ್ನು ಕಲಿಸಿದವಳು ತಾನೇ ಎನ್ನುವುದು ಅವಳಿಗೆ ತಿಳಿದಿತ್ತು. ಒಂದು ಭಾನುವಾರ, ಎಲ್ಲರೂ ಚೆನ್ನಾಗಿದ್ದ ಕಾಲದಲ್ಲಿ, ಲ್ಯಾಬಿನಿಂದ ಧೂಳು ಎಣಿಸುವ ಒಂದು ಸಣ್ಣ ಯಂತ್ರ ತಂದು ಅಕ್ಕನ ಮನೆಯ ಮೇಜಿನ ಮೇಲಿಟ್ಟಿದ್ದಳು. ನೆಂಟರೆಲ್ಲ ಸುತ್ತ ನಿಂತಿದ್ದರು. ಭಾವಾ, ಒಂದು ಸಿಗರೇಟು ಹಚ್ಚಿ ನೋಡೋಣ ಎಂದಳು. ಭಾವ ಹಚ್ಚಿದರು. ಅಂಕಿ ಜಿಗಿಜಿಗಿದು ಏರಿತು. ಎಲ್ಲರೂ ಹೋ ಎಂದು ನಕ್ಕರು. ಭಾವನೂ ನಕ್ಕು, "ತರಕಾರಿ ರೇಟು ಏರಿದ ಹಾಗೆ ಏರ್ತಾ ಇದೆಯಲ್ಲಮ್ಮ" ಎಂದು ತಟ್ಟೆಯಲ್ಲಿ ಆರಿಸಿಬಿಟ್ಟರು. ಆ ನಗುವಿನಲ್ಲಿ ಅಕ್ಕ ಮಾತ್ರ ಅಂಕಿಯನ್ನೇ ನೋಡುತ್ತಿದ್ದಳು. ಕಾಯಿಲೆ ಏನೆಂದು ಗೊತ್ತಾದ ದಿನ ಆ ಅಂಕಿಯನ್ನೇ ಅಕ್ಕ ಎತ್ತಿಕೊಂಡಳು. ಕೆಲಸದ ಜಾಗದ ಗಾಳಿ ಚೆನ್ನಾಗಿತ್ತು, ಅದನ್ನು ತಂಗಿ ಹೇಳಿದ್ದಾಳೆ. ಮನೆಯ ಗಾಳಿ ಕೆಟ್ಟದ್ದು, ಅದನ್ನೂ ತಂಗಿಯೇ ತೋರಿಸಿದ್ದಾಳೆ. ಇನ್ನು ಕೇಳುವುದೇನಿದೆ? ಭಾವನ ಕಡೆಯಿಂದ ಮುಖ ತಿರುಗಿಸಿದವಳು ತಿರುಗಿಸಿದ ಹಾಗೇ ಇದ್ದಳು. ಅವರನ್ನು ಕಂಡರೆ ಉಸಿರು ಕಟ್ಟುತ್ತದೆ, ಒಳಗೆ ಬಿಡಬೇಡಿ ಎಂದು ಸಿಸ್ಟರಿಗೆ ಹೇಳಿದಳು. ಅವತ್ತು ತಂಗಿಯೂ ಪಕ್ಕದಲ್ಲೇ ಇದ್ದಳು. ಭಾವ ಅವಳ ಮುಖ ನೋಡಿದ್ದರು, ಏನಾದರೂ ಹೇಳುತ್ತಾಳೇನೋ ಎಂಬಂತೆ. ಅವಳಿಗೂ ಆಗ ಭಾವನ ಮೇಲೆ ಸಿಟ್ಟೇ ಇತ್ತು.

"ಡಾಕ್ಟರು ನನಗೂ ಹೇಳಿದ್ರು" ಎಂದರು ಭಾವ. "ನೀನು ಹೋಗು ಒಳಗೆ. ಇದನ್ನ ಕೊಟ್ಟುಬಿಡು. ತಿನ್ನಲ್ಲ, ಗೊತ್ತು. ತಂದಿದ್ದೀನಿ ಅಂತ ಗೊತ್ತಾದ್ರೆ ಸಾಕು. ಇಲ್ಲ, ನಾನು ತಂದೆ ಅಂತ ಹೇಳಬೇಡ, ಬೇಡ ಅಂತಾಳೆ."

"ಭಾವಾ, ಕೂತ್ಕೊಳ್ಳಿ. ಒಂದು ಮಾತಿದೆ."

ಹೇಳಿದಳು. ಲ್ಯಾಬಿನಲ್ಲಿ ಹೇಳುವ ಹಾಗೆ ಹೇಳಲು ಹೋಗಿ, ಪಂಪು, ಸೋಸುವುದು ಎಂದು ಏನೇನೋ ಶುರುಮಾಡಿ, ಭಾವನ ಮುಖದಲ್ಲಿ ಮೇಷ್ಟ್ರ ಮುಂದೆ ನಿಂತವರ ಹೆದರಿಕೆ ಕಂಡು, ನಿಲ್ಲಿಸಿ, ಮತ್ತೆ ಮೊದಲಿಂದ ಹೇಳಿದಳು. ಅಕ್ಕ ಮಿಷನ್ನನ್ನು ಊಟದ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳು ಭಾವಾ. ಅದು ಆ ಜಾಗದ ಗಾಳಿಯನ್ನು ನೋಡಲೇ ಇಲ್ಲ. ನಾನು ಚೆನ್ನಾಗಿದೆ ಅಂದದ್ದು ಸುಳ್ಳು. ನಾನು ಕೆಳಗೇ ಇರು ಅಂದೆ. ಅಲ್ಲಿಯ ಹೊಗೆ ಎಂಥದ್ದೆಂದು ನನಗೆ ಗೊತ್ತಿತ್ತು, ಇಂಥ ಕಾಯಿಲೆ ತರುವಂಥದ್ದು. ನಿಮ್ಮ ಒಂದು ಸಿಗರೇಟನ್ನು ಹಿಡಿದು ಕುಣಿಸಿದೆ.

ಭಾವ ಕ್ಯಾರಿಯರಿನ ಹಿಡಿಯನ್ನು ಎತ್ತಿ ಮಲಗಿಸಿ, ಎತ್ತಿ ಮಲಗಿಸಿ ಮಾಡುತ್ತಿದ್ದರು. ಮೆಟ್ಟಿಲಲ್ಲಿ ಯಾರೋ ಬಕೆಟ್ಟು ಹಿಡಿದು ಇಳಿದುಹೋದರು. ಆಮೇಲೆ ಅವರು ಕೇಳಿದ್ದು ಅವಳು ಎಣಿಸಿದ ಯಾವ ಮಾತೂ ಅಲ್ಲ.

"ಯಾವ ಡಬ್ಬಿ? ನೀಲಿ ಮುಚ್ಚಳದ್ದಾ?"

"ಗೊತ್ತಿಲ್ಲ ಭಾವಾ."

"ಅದೇ ಇರಬೇಕು. ಅಷ್ಟು ದೊಡ್ಡದು ಅದೊಂದೇ ಇದ್ದದ್ದು. ಆಗೆಲ್ಲ ಬೆಳಿಗ್ಗೆ ಅವಳ ಊಟ ನಾನೇ ತುಂಬಿಸಿಕೊಡ್ತಿದ್ದೆ. ಹಾಗಾದ್ರೆ ಅವತ್ತು ಊಟ ಎಲ್ಲಿ ಹಾಕ್ಕೊಂಡ್ಲು? ತೊಳೆದು ಒರೆಸಿದೆ ಅಂದ್ಲಾ? ಇದ್ದದ್ದನ್ನ ಯಾರಿಗೋ ಕೊಟ್ಟಿರ್ತಾಳೆ. ಉಪವಾಸ ಇದ್ಲು ಅನ್ಸುತ್ತೆ ದಿನವೆಲ್ಲ." ತಮ್ಮ ಮೇಲಿನ ಅಪವಾದ ಹೋದದ್ದಕ್ಕೆ ಅಳದವರು ಎಂದೋ ಒಂದು ಮಧ್ಯಾಹ್ನದ ಊಟಕ್ಕೆ ಅತ್ತರು. ಅವಳು ಪಕ್ಕದಲ್ಲಿ ಕೂತು ತನ್ನ ಚಪ್ಪಲಿಯ ಉಂಗುಷ್ಠ ನೋಡುತ್ತಿದ್ದಳು. ಅತ್ತು ಮುಗಿಸಿ ಅವರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ರೂಢಿಯಂತೆ ಆ ತೋಳನ್ನು ಒಮ್ಮೆ ಮೂಸಿದರು.

"ಈಗ ಇದನ್ನ ಅವಳಿಗೆ ಹೇಳ್ತೀಯಾ?"

"ಹೇಳದೆ ನೀವು ಒಳಗೆ ಹೋಗೋದು ಹೇಗೆ ಭಾವಾ? ಅಕ್ಕ ನಿಮ್ಮ ಮುಖ ನೋಡದೆ ಹೋಗಿಬಿಟ್ರೆ..."

"ಹೇಳಿದ್ರೆ ಏನಂತ ಅರ್ಥ ಆಗುತ್ತೆ ಅವಳಿಗೆ? ನೀನು ಮಿಷನ್ ಮುಚ್ಚಿಟ್ಟೆ, ಅದಕ್ಕೇ ಹೀಗಾಯ್ತು ಅಂತ ತಾನೆ? ಇರೋ ಒಂದು ದಿನ, ಎರಡು ದಿನ, ಆ ಡಬ್ಬೀನೇ ಹಿಡ್ಕೊಂಡು ಕೂರ್ತಾಳೆ. ಅವಳ ಸ್ವಭಾವ ನಿನಗೆ ಗೊತ್ತಿಲ್ವಾ? ಹಾಲು ಉಕ್ಕಿದ್ರೆ ವಾರಗಟ್ಟಲೆ ತನ್ನನ್ನೇ ಬೈಕೊಳ್ಳೋಳು."

"ತಪ್ಪು ನನ್ನದು ಭಾವಾ, ಅವಳದ್ದಲ್ಲ."

"ಅದು ನಿನಗೆ ಗೊತ್ತು, ನನಗೆ ಗೊತ್ತು. ಅವಳು ಒಪ್ತಾಳಾ? ಮದುವೆಯಾದಾಗಿಂದ ನೋಡ್ತಿದೀನಿ, ನಿನ್ನ ಮೇಲೆ ಒಂದು ಮಾತು ಹೊರಟಿದ್ದಿಲ್ಲ ಆ ಬಾಯಿಂದ. ಈಗ ಕೊನೆಗಾಲದಲ್ಲಿ ಹೊಸದಾಗಿ ಕಲೀಬೇಕಾ? ನನ್ನನ್ನಾದ್ರೆ ಬೈದು ಅಭ್ಯಾಸ ಇದೆ." ಭಾವ ಮೂಗು ಏರಿಸಿಕೊಂಡು, ನಕ್ಕರೋ ಏನೋ, ತುಟಿ ಒಂದು ಕಡೆಗೆ ಹೋಯಿತು. "ನಾನು ಸೇದಿದ್ದೇನು ಸುಳ್ಳಾ? ಆ ಸಣ್ಣ ಮನೆಯಲ್ಲಿ, ಕಿಟಕಿ ಮುಚ್ಕೊಂಡು. ಅದರಿಂದ ಎಷ್ಟು ಬಂತು, ಅಲ್ಲಿಂದ ಎಷ್ಟು ಬಂತು, ಬೇರೆ ಮಾಡಿ ಹೇಳಬಲ್ಲೆಯಾ ನೀನು?"

ಹೇಳಲಾರಳು. ಲಕ್ಷ ಜನರಲ್ಲಿ ಎಷ್ಟು ಮಂದಿಗೆ ಎಂದು ಹೇಳಬಲ್ಲಳು. ಒಬ್ಬಳ ಎದೆಯೊಳಗೆ ಯಾವ ಕಣ ಎಲ್ಲಿಂದ ಬಂದು ಕೂತಿತೆಂದು ಹೇಳುವ ಯಂತ್ರವನ್ನು ಇನ್ನೂ ಯಾರೂ ಮಾಡಿಲ್ಲ. ಇಲ್ಲ ಎಂದು ತಲೆಯಾಡಿಸಿದಳು.

"ಮತ್ತೆ? ನನ್ನದೇ ಅಂತ ಇರ್ಲಿ ಬಿಡು. ನನ್ನನ್ನ ಒಳಗೆ ಕರ್ಕೊಂಡು ಹೋಗು. ತಪ್ಪಾಯ್ತು ಅಂತೀನಿ. ಇಷ್ಟು ದಿನ ನಿಜ ಅಂದ್ಕೊಂಡಿದ್ದಾಗ ಬಾಗಿಲ ತನಕ ಹೋಗಿ ಹೋಗಿ ವಾಪಸ್ ಬಂದೆ, ಬಾಯೇ ಬರ್ಲಿಲ್ಲ. ಈಗ ಹೇಳಬಲ್ಲೆ. ನೀನು ಸುಮ್ಮನೆ ನಿಂತಿರು, ಸಾಕು."

ಬಾಗಿಲಲ್ಲಿ ಸಿಸ್ಟರು ಇಬ್ಬರನ್ನೂ ನೋಡಿದರು, ಅವಳು ತಲೆಯಾಡಿಸಿದಳು, ದಾರಿ ಬಿಟ್ಟರು. ಪಕ್ಕದ ಮಂಚದ ಅಜ್ಜಿ ಭಾವನನ್ನು ಕಂಡು ಏನೋ ಹೇಳಲು ಬಾಯಿ ತೆರೆದದ್ದು ಮುಚ್ಚಿಕೊಂಡು ಗೋಡೆಯ ಕಡೆ ಹೊರಳಿತು. ಅಕ್ಕ ಒರಗಿಕೊಂಡು ಕಣ್ಣು ಮುಚ್ಚಿದ್ದಳು. ಒಂದೊಂದು ಉಸಿರೂ ಮೆಟ್ಟಿಲು ಹತ್ತಿದ ಹಾಗೆ, ಹತ್ತಿ, ನಿಂತು, ಮತ್ತೆ ಹತ್ತಿದ ಹಾಗೆ. ಭಾವ ಮಂಚದಿಂದ ದೂರವೇ ನಿಂತರು, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ. ಅಕ್ಕ ಕಣ್ಣು ಬಿಟ್ಟಳು, ನೋಡಿದಳು, ಮುಖ ಆ ಕಡೆ ತಿರುಗಿಸಿದಳು.

"ನನ್ನಿಂದಲೇ ಕಣೇ ಹೀಗಾಯ್ತು" ಎಂದರು ಭಾವ. "ಎಷ್ಟು ಹೇಳಿದೆ ನೀನು, ಕೇಳಲಿಲ್ಲ. ತಪ್ಪಾಯ್ತು."

ಅಕ್ಕ ತಿರುಗಲಿಲ್ಲ. ತಲೆದಿಂಬಿನೊಳಕ್ಕೇ ಮಾತಾಡಿದಳು. "ಯಾರು ಹೇಳಿಕೊಟ್ಟು ಕಳಿಸಿದ್ರು ಈ ಮಾತು?"

"ಯಾರೂ ಇಲ್ಲ. ನಾನೇ."

"ನೀವು! ಉಪ್ಪು ಹೆಚ್ಚಾದ್ರೆ ಒಪ್ಕೊಳ್ಳದವರು." ಉಸಿರು ಹಿಡಿದುಕೊಂಡು ಕಾದಳು. ಆಮೇಲೆ ಮೆಲ್ಲಗೆ ಈ ಕಡೆ ಹೊರಳಿದಳು, ಗಂಡನನ್ನು ದಾಟಿ ಅವಳ ಮೇಲೆ ಕಣ್ಣಿಟ್ಟಳು. "ಪುಟ್ಟೀ, ನೀನು ಹೇಳು. ಇವರ ಹೊಗೆಯಿಂದಲೇ ತಾನೆ? ನೀನು ಅಂದ್ರೆ ಸರಿ."

ಭಾವ ನೆಲ ನೋಡುತ್ತಿದ್ದರು. ಅವರ ಕತ್ತಿನ ಹಿಂದೆ ಸೋಪಿನ ಒಂದು ಬಿಳಿ ಗೆರೆ ಒಣಗಿ ನಿಂತಿತ್ತು, ತೊಳೆಯುವಾಗ ಕೈಗೆ ಸಿಕ್ಕದೆ ಉಳಿದದ್ದು. ಅವಳು ಬಾಯಿ ತೆರೆದಳು. ಗೊತ್ತಿಲ್ಲ ಅಕ್ಕ ಎನ್ನಬಹುದಿತ್ತು, ಅದು ಸುಳ್ಳಾಗುತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಮಾತನ್ನು ಅಕ್ಕ ಅವಳ ಬಾಯಿಂದ ಯಾವತ್ತೂ ಕೇಳಿದವಳಲ್ಲ. ಕೇಳಿದರೆ ಹೆದರುತ್ತಾಳೆ, ಮತ್ತೆ ಕೇಳುತ್ತಾಳೆ, ಕೇಳುತ್ತಾ ಕೇಳುತ್ತಾ ಡಬ್ಬಿಯ ತನಕ ಬಂದುಬಿಡುತ್ತಾಳೆ. ನೆಂಟರ ನಡುವೆ ಮೇಜಿನ ಮೇಲೆ ಅಂಕಿ ಏರುವಾಗ ಇದ್ದ ಧೈರ್ಯದಲ್ಲಿ ಒಂದು ಹನಿಯಷ್ಟೂ ಈಗ ಇರಲಿಲ್ಲ. ದನಿ ಮಾತ್ರ ಅದೇ ದನಿಯಾಗಿ ಬಂತು, ಸ್ಪಷ್ಟವಾಗಿ, ತಿಳಿದವರ ಹಾಗೆ.

"ಹೌದಕ್ಕ."

ಅಕ್ಕನ ಮುಖ ಸಡಿಲವಾಯಿತು. ಹುಬ್ಬಿನ ನಡುವೆ ತಿಂಗಳುಗಳಿಂದ ಕೂತಿದ್ದ ಗಂಟು ಬಿಚ್ಚಿತು. "ಸದ್ಯ" ಎಂದಳು. ಆಮೇಲೆ ತಡೆದು ತಡೆದು, "ಒಂದೊಂದು ಸಲ ಅನ್ನಿಸ್ತಿತ್ತು ಕಣೇ, ಆ ಕೆಳಗಿನ ಹೊಗೆಯೇ ಇರಬಹುದಾ ಅಂತ. ಮೂಗೆಲ್ಲ ಕಪ್ಪಾಗ್ತಿತ್ತಲ್ಲ. ಹಾಗಂದುಬಿಟ್ರೆ ನೀನು ಎಷ್ಟು ನೊಂದ್ಕೊಳ್ತೀಯೋ ಅಂತ ಬಾಯೇ ಬಿಡಲಿಲ್ಲ. ಇವರ ತಲೆ ಮೇಲೇ ಹಾಕ್ಕೊಂಡು ಕೂತೆ. ಸದ್ಯ, ಇವರದ್ದೇ ಆಯ್ತಲ್ಲ."

ಭಾವ ತಲೆ ಎತ್ತಿ ಅವಳನ್ನು ನೋಡಿದರು. ಅವಳು ಆ ನೋಟಕ್ಕೆ ಸಿಗಲಿಲ್ಲ. ಮಂಚದ ಕಾಲ ಕಡೆಯ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಹಿಡಿದು, ಅದರ ಬಣ್ಣ ಎದ್ದ ಜಾಗವನ್ನು ನೋಡುತ್ತಿದ್ದಳು. ಸರಳು ತಣ್ಣಗಿತ್ತು.

"ಏನು ಮರದ ಹಾಗೆ ನಿಂತಿದೀರಿ? ಹತ್ರ ಬನ್ನಿ" ಎಂದಳು ಅಕ್ಕ ಗಂಡನಿಗೆ. "ಅಂಗಿ ಗುಂಡಿ ಎಲ್ಲಿ? ಅದೂ ಬಿತ್ತಾ? ನಾನಿಲ್ಲ ಅಂದ್ರೆ ಒಂದು ಗುಂಡಿ ಹಾಕ್ಕೊಳ್ಳೋಕೂ ಗತಿ ಇಲ್ಲ. ಊಟ ಆಯ್ತಾ? ಏನದು ಕ್ಯಾರಿಯರಲ್ಲಿ, ತೆಗೀರಿ ನೋಡೋಣ." ಭಾವ ಸ್ಟೂಲು ಎಳೆದುಕೊಂಡು ಕೂತು ಮುಚ್ಚಳ ತಿರುವತೊಡಗಿದರು. ಅದು ಬಿಗಿಯಾಗಿ ಕೂತಿತ್ತು, ಬರಲಿಲ್ಲ. ಅಕ್ಕ ಸೂಜಿ ಚುಚ್ಚಿದ್ದ ಕೈಯನ್ನು ಎತ್ತಿ, ಆಗದಿದ್ದರೂ, ಆ ಮುಚ್ಚಳದ ಮೇಲೆ ಇಟ್ಟಳು. ಹಾಗೇ ಇಬ್ಬರ ಕೈಯೂ ಅಲ್ಲೇ ನಿಂತವು. ಸ್ವಲ್ಪ ಹೊತ್ತಿನ ಮೇಲೆ ಅಕ್ಕನಿಗೆ ತಂಗಿ ಇನ್ನೂ ನಿಂತಿರುವುದು ಕಂಡಿತು.

"ನೀನು ಹೋಗೇ ಪುಟ್ಟಿ. ನಿನಗೆ ಕೆಲಸ ಇರುತ್ತೆ. ಇನ್ನು ಇವರಿದ್ದಾರಲ್ಲ."

ಅಕ್ಕ ಹೇಳಿದ ಮೇಲೆ ಇಲ್ಲವೆನ್ನುವ ರೂಢಿ ಅವಳಿಗಿರಲಿಲ್ಲ. ಸರಳನ್ನು ಬಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು, ಮಂಚಗಳ ನಡುವೆ ನಡೆದಳು. ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು. ಅಕ್ಕ ಗಂಡನನ್ನು ಏನೋ ಬೈಯುತ್ತಿದ್ದಳು, ಇಲ್ಲಿಗೆ ಕೇಳಿಸುತ್ತಿರಲಿಲ್ಲ. ಭಾವ ಹ್ಞೂಂ ಹ್ಞೂಂ ಎಂದು ತಲೆಯಾಡಿಸುತ್ತಿದ್ದರು. ಇಬ್ಬರೂ ಅವಳ ಕಡೆ ನೋಡಲಿಲ್ಲ.